ನಿಮಗೊಬ್ಬರಿಗೇ ಗೊತ್ತಿದ್ದ ವಿಳಾಸ

ಅಪ್ಪ,

ದೊಡ್ಡವರಿಗೆ ಬರೆಯುವ ಕಾಗದವನ್ನು ‘ತೀರ್ಥರೂಪು’ ಎಂದು ಶುರು ಮಾಡಬೇಕೆಂದು ಹೇಳಿಕೊಟ್ಟವರು ನೀವೇ. ಈ ಸಲ ಆ ಪದ ಬರೆಯಲು ಮನಸ್ಸು ಬರಲಿಲ್ಲ. ಬರೀ ಅಪ್ಪ ಎಂದಿದ್ದೇನೆ.

ಇದು ನಿಮ್ಮ ಕೈಗೆ ಶಾಲಿನಿಯ ಮೂಲಕ ಬರುತ್ತದೆ. ನಾನೀಗ ಇರುವ ಊರಿನ ಅಂಚೆ ಮುದ್ರೆ ನಿಮ್ಮ ಕಣ್ಣಿಗೆ ಬೀಳಬಾರದೆಂದು ಈ ಲಕೋಟೆಯನ್ನು ಇನ್ನೊಂದು ಲಕೋಟೆಯೊಳಗಿಟ್ಟು ಅವಳಿಗೆ ಕಳಿಸಿದ್ದೇನೆ. ಹೆತ್ತ ಅಪ್ಪನಿಗೆ ಬರೆಯುವ ಕಾಗದಕ್ಕೆ ಇಷ್ಟು ಮುಚ್ಚುಮರೆ ಬೇಕಾಯಿತಲ್ಲ ಎಂದು ಅಂಟು ಹಚ್ಚುವಾಗ ಕೈ ನಿಂತಿತು. ಆಮೇಲೆ ಹಚ್ಚಿದೆ.

ನೀವು ಹೋದ ವಾರ ಜಯನಗರದ ನಮ್ಮ ಫಿಜಿಯೋಥೆರಪಿ ಕ್ಲಿನಿಕ್ಕಿಗೆ ಹೋಗಿದ್ದಿರಂತೆ. ಮಂಡಿನೋವಿನವರ ನಡುವೆ ಕುರ್ಚಿಯಲ್ಲಿ ಕೂತು, ಶಾಲಿನಿಯ ಕೈ ಬಿಡುವಾಗುವ ತನಕ ಕಾದಿರಂತೆ. ನನ್ನ ಹೊಸ ನಂಬರು ಕೇಳಿದಿರಿ, ಅವಳು ಕೊಡಲಿಲ್ಲ. ಆಗ ನೀವು ಹೇಳಿದ ಮಾತನ್ನು ಅವಳು ನನಗೆ ಹಾಗೇ ಒಪ್ಪಿಸಿದಳು: ‘ಅಂಥಾ ದೊಡ್ಡ ತಪ್ಪು ನಾನೇನು ಮಾಡ್ದೆ ಅಂತ ಅವಳ ಬಾಯಲ್ಲೇ ಕೇಳ್ಬೇಕು ಕಣಮ್ಮ.’ ಬಾಯಲ್ಲಿ ಹೇಳಲು ನನ್ನಿಂದಾಗದು. ನಿಮ್ಮ ದನಿ ಕೇಳಿದರೆ ಎಂದಿನಂತೆ ಅರ್ಧಕ್ಕೆ ನಿಲ್ಲಿಸಿ, ‘ಹೋಗ್ಲಿ ಬಿಡಿ ಅಪ್ಪ’ ಎಂದುಬಿಡುತ್ತೇನೆ. ಆದ್ದರಿಂದ ಬರೆಯುತ್ತಿದ್ದೇನೆ.

ಬೈರಸಂದ್ರದ ಬಾಡಿಗೆ ಮನೆಯ ನೆನಪಿದೆಯೇ? ನನಗಾಗ ಹತ್ತು ವರ್ಷವಿರಬೇಕು. ನೀವು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಟ್ಟ ಲೈನುಗಳನ್ನು ಪರೀಕ್ಷಿಸುವ ವಿಭಾಗದಲ್ಲಿದ್ದಿರಿ. ಆ ಮೇಜಿನ ಮುಂದೆ ಕೂತವರು ಬಡಾವಣೆಯ ಯಾವ ಮನೆಯ ಮಾತನ್ನು ಬೇಕಾದರೂ ಕೇಳಿಸಿಕೊಳ್ಳಬಹುದಿತ್ತು. ಒಂದು ಭಾನುವಾರ ಮನೆಯ ಮಾಲೀಕರು ಪಿಳ್ಳಣ್ಣನವರು ತಾವಾಗಿ ಮೇಲೆ ಬಂದರು. ಊರಿನ ಹಳೇ ಕುಳ, ಹೊಲ ಹೋದರೂ ಸಾಲು ಮನೆಗಳಿದ್ದವರು. ಅವರು ಬಂದರೆ ಅಮ್ಮ ಕುರ್ಚಿ ಒರೆಸುತ್ತಿದ್ದಳು. ಅವರ ಸೊಸೆ ಮಧ್ಯಾಹ್ನದ ಹೊತ್ತು ಫೋನಿನಲ್ಲಿ ಯಾರ ಹತ್ತಿರವೋ ಮಾತಾಡುತ್ತಾಳೆ, ಯಾರು, ಏನು ಎಂದು ಸ್ವಲ್ಪ ಕೇಳಿ ಹೇಳಬೇಕು ಎಂದರು. ನೀವು ಕಾಫಿ ಲೋಟವನ್ನು ಅವರ ಕಡೆಗೆ ಸರಿಸಿ, ‘ಲೈನು ಕೆಟ್ಟಿದ್ಯಾ ಅಂತ ಕೇಳೋಕೆ ಸರ್ಕಾರ ನನಗೆ ಅಲ್ಲಿ ಕಿವಿ ಕೊಟ್ಟಿರೋದು, ಸ್ವಾಮಿ. ಮನೆಯವರ ಮಾತು ಕೇಳೋಕಲ್ಲ’ ಎಂದಿರಿ. ದನಿ ಏರಿಸಲಿಲ್ಲ. ಅವರು ಕಾಫಿ ಕುಡಿಯದೆ ಎದ್ದು ಹೋದರು. ಮುಂದಿನ ತಿಂಗಳು ಮನೆ ಖಾಲಿ ಮಾಡಿ ಎಂದರು. ನಾವು ಜಯನಗರ ಒಂಬತ್ತನೇ ಬ್ಲಾಕಿನ ಸಣ್ಣ ಮನೆಗೆ ಬಂದದ್ದು ಹಾಗೆ.

ಆ ದಿನ ನಾನು ಬಾಗಿಲ ಸಂದಿಯಲ್ಲಿ ನಿಂತಿದ್ದೆ. ಸಾಮಾನು ತುಂಬಿದ ಗಾಡಿಯಲ್ಲಿ ನಿಮ್ಮ ಪಕ್ಕ ಕೂತು ಬರುವಾಗ ನನಗಿದ್ದ ಹೆಮ್ಮೆಯನ್ನು ಹೇಗೆ ಹೇಳಲಿ? ಕ್ಲಾಸಿನಲ್ಲಿ ಎಲ್ಲರ ಮುಂದೆ ಹೇಳಿಕೊಂಡಿದ್ದೆ. ಆಮೇಲೆ ಎಷ್ಟೋ ವರ್ಷ, ಯಾರಾದರೂ ಒಳ್ಳೆಯ ಮನುಷ್ಯ ಎಂದರೆ ನನ್ನ ಕಣ್ಣ ಮುಂದೆ ಬರುತ್ತಿದ್ದುದು ಲೋಟ ಸರಿಸಿದ ನಿಮ್ಮ ಕೈ.

ಶ್ರೀಕರನನ್ನು ನೀವೇನೂ ಬಲವಂತವಾಗಿ ನನ್ನ ಕೊರಳಿಗೆ ಕಟ್ಟಲಿಲ್ಲ. ನನಗೂ ಅವನು ಹಿಡಿಸಿದ್ದ. ಜೆ.ಪಿ. ನಗರದ ಫ್ಲ್ಯಾಟಿನಲ್ಲಿ ಮೊದಲ ವರ್ಷ ಅವನು ಹಾಲಿನಲ್ಲಿ ಕ್ಯಾಮೆರಾ ಹಾಕಿಸಿದಾಗ, ಒಬ್ಬಳೇ ಇರುತ್ತೀಯಲ್ಲ, ಧೈರ್ಯಕ್ಕಿರಲಿ ಎಂದ. ನಾನು ಒಪ್ಪಿದೆ. ನಂತರ ಆಫೀಸಿನಿಂದ ಫೋನು ಬರತೊಡಗಿತು. ಸೋಫಾ ಮೇಲೆ ಕೂತು ಯಾರ ಹತ್ತಿರ ನಗುತ್ತಿದ್ದೆ? ಕೊರಿಯರ್‌ನವನ ಹತ್ತಿರ ಅಷ್ಟು ಹೊತ್ತು ಏನು ಮಾತು? ನನ್ನ ಫೋನಿನ ಮೆಸೇಜುಗಳೆಲ್ಲ ಅವನ ಲ್ಯಾಪ್‌ಟಾಪಿನಲ್ಲೂ ತೆರೆದುಕೊಳ್ಳುತ್ತಿದ್ದವು. ನಾನು ಕ್ಯಾಮೆರಾ ಕಾಣದ ಜಾಗವೆಂದು ಅಡುಗೆಮನೆಯ ನೆಲದ ಮೇಲೆ ಕೂತು ಊಟ ಮಾಡತೊಡಗಿದೆ. ಹಬ್ಬಕ್ಕೆ ಬಂದಿದ್ದ ಅಮ್ಮ ಅದನ್ನು ಕಂಡು, ಇದೇನು ಹೊಸ ಮಡಿ ಎಂದು ನಕ್ಕಿದ್ದಳು.

ಫೋನಿನ ಪಾಸ್‌ವರ್ಡ್ ಬದಲಿಸಿದ ದಿನ ಅವನು ನನ್ನ ಬಲಗೈಯ ಮಣಿಕಟ್ಟು ತಿರುಚಿ ಹಿಡಿದ. ಬೈಯಲಿಲ್ಲ, ಕೂಗಲಿಲ್ಲ. ನಾನು ಅಂಕಿಗಳನ್ನು ಹೇಳುವವರೆಗೂ ಬಿಡಲಿಲ್ಲ, ಅಷ್ಟೆ. ದಿನವಿಡೀ ಬೇರೆಯವರ ಕೈಕಾಲು ಸರಿಮಾಡುವ ನನಗೆ ಒಳಗೆ ಏನು ಮುರಿಯಿತೆಂದು ಆ ಕ್ಷಣದಲ್ಲೇ ಗೊತ್ತಾಯಿತು. ಕ್ಲಿನಿಕ್ಕಿನವರಿಗೆ ಬಚ್ಚಲಲ್ಲಿ ಜಾರಿದೆ ಎಂದೆ. ನಿಮಗೆ ಮಾತ್ರ ನಿಜ ಹೇಳಿದೆ, ಅಪ್ಪ. ಅಮ್ಮನಿಗೂ ಹೇಳುವ ಮೊದಲು ನಿಮಗೆ. ನೀವು ಪ್ಲಾಸ್ಟರ್ ಹಾಕಿದ ನನ್ನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿರಿ. ಆಮೇಲೆ ನೀವೇ ಆಟೋ ಮಾಡಿಕೊಂಡು ಜೆ.ಪಿ. ನಗರಕ್ಕೆ ಹೋಗಿ, ಶ್ರೀಕರ ನೋಡುತ್ತಿದ್ದಂತೆಯೇ ನನ್ನ ಬಟ್ಟೆಗಳನ್ನು ಸೂಟ್‌ಕೇಸಿಗೆ ತುಂಬಿಕೊಂಡು ಬಂದಿರಿ. ಆ ರಾತ್ರಿ ನಾನು ಎಷ್ಟೋ ತಿಂಗಳ ನಂತರ ಕಣ್ಣು ತುಂಬ ನಿದ್ದೆ ಮಾಡಿದೆ.

ಇದನ್ನೆಲ್ಲ ಯಾಕೆ ನೆನಪಿಸುತ್ತಿದ್ದೇನೆ ಎಂದರೆ, ನಿಮಗೆ ಗೊತ್ತಿರಲಿಲ್ಲ ಎಂದು ನೀವು ಎಂದೂ ಹೇಳಲಾಗದು. ನಿಮಗೆ ಎಲ್ಲವೂ ಗೊತ್ತಿತ್ತು.

ಅವನು ನಮ್ಮ ಮನೆಯ ಎದುರು ಕಾರು ನಿಲ್ಲಿಸಿಕೊಂಡು ಕೂರತೊಡಗಿದಾಗ ಬೇರೆ ಮನೆ ಮಾಡಬೇಕೆಂದು ನಾವಿಬ್ಬರೂ ಸೇರಿಯೇ ತೀರ್ಮಾನಿಸಿದೆವು. ಬಿ.ಟಿ.ಎಂ.ನಲ್ಲಿ ಮಂಗಮ್ಮನವರ ಮನೆಯ ಮಹಡಿಯ ಕೋಣೆಯನ್ನು ನೋಡಿ ಒಪ್ಪಿದವರು ನೀವು. ಹಳೇ ಫೋನು ಅವನ ಕೈಯಲ್ಲಿ ಆಡಿದ್ದು, ಬೇಡ ಎಂದು ಹೊಸದನ್ನು ಕೊಡಿಸಿದವರೂ ನೀವು. ಫೋನುಗಳೆಂದರೆ ನಿಮಗೆ ಮೊದಲಿಂದಲೂ ಆಸೆ. ಕನ್ನಡಕ ಏರಿಸಿ ಅರ್ಧ ಗಂಟೆ ಅದನ್ನು ತಿಕ್ಕಿ ತೀಡಿ ಕೊನೆಗೆ ನಿಮ್ಮ ಫೋನಿನ ನಕ್ಷೆಯಲ್ಲಿ ನನ್ನ ಹೆಸರಿನ ನೀಲಿ ಚುಕ್ಕೆಯನ್ನು ತೋರಿಸಿದಿರಿ. ‘ನೀನು ಎಲ್ಲಿದ್ದೀಯ ಅಂತ ಯಾರಿಗೂ ಹೇಳ್ಬೇಡ ಮಗೂ. ನನಗೊಬ್ಬನಿಗೆ ಗೊತ್ತಿದ್ರೆ ಸಾಕು.’

ಆ ಚುಕ್ಕೆ ನನಗೆ ಭಾರವೆನಿಸಲಿಲ್ಲ. ಒಬ್ಬನ ಕಣ್ಣಿನಿಂದ ತಪ್ಪಿಸಿಕೊಂಡು ಓಡಿ ಬಂದವಳು, ನಿಮ್ಮ ಕಣ್ಣನ್ನು ಮಾತ್ರ ಬೆನ್ನ ಮೇಲಿನ ಕೈ ಎಂದುಕೊಂಡೆ.

ಮೊದಲ ಸಲ ಅವನು ಕಂಡದ್ದು ಬಿ.ಟಿ.ಎಂ.ನ ತರಕಾರಿ ಅಂಗಡಿಯಲ್ಲಿ. ಆಚೆ ಬದಿಯಲ್ಲಿ ನಿಂತು ಬದನೆಕಾಯಿ ಆರಿಸುತ್ತಿದ್ದ. ಕಾಕತಾಳೀಯವಿರಬೇಕು ಎಂದಿರಿ ನೀವು. ಮುಂದೆ ಆರ್.ವಿ. ರೋಡ್ ಮೆಟ್ರೋ ನಿಲ್ದಾಣದಲ್ಲಿ, ನಾನು ಹಳದಿ ಲೈನಿನ ರೈಲು ಇಳಿಯುವ ಬಾಗಿಲಿಗೆ ಸರಿಯಾಗಿ ನಿಂತಿದ್ದ. ಹತ್ತಿರ ಬರಲಿಲ್ಲ. ಗುರುತಿನವರಿಗೆ ಮಾಡುವಂತೆ ತಲೆ ಆಡಿಸಿದ. ನಾನು ಮೆಟ್ರೋ ಬಿಟ್ಟು ಬಸ್ಸು ಹಿಡಿದೆ. ಜಯನಗರದ ಬಸ್ ನಿಲ್ದಾಣದ ಕಂಬಕ್ಕೆ ಒರಗಿ ನಿಂತಿದ್ದ. ಪೊಲೀಸ್ ಠಾಣೆಗೆ ಹೋದೆ. ಅಲ್ಲಿದ್ದವರು ಮರ್ಯಾದೆಯಿಂದಲೇ ಕೂರಿಸಿ, ಬೇರೆ ಬಂದ ಮೇಲೆ ಮೈ ಮುಟ್ಟಿದ್ದಾನೆಯೇ, ಬೆದರಿಸಿದ್ದಾನೆಯೇ ಎಂದು ಕೇಳಿದರು. ಇಲ್ಲ ಎಂದೆ. ‘ರಸ್ತೇಲಿ ನಿಂತ್ರೆ ನಾವೇನ್ ಮಾಡೋಕಾಗುತ್ತೆ ಮೇಡಂ? ಗಂಡ ಬೇರೆ’ ಎಂದು ಬರೆದುಕೊಂಡು ಕಳಿಸಿದರು.

ಪ್ರತಿ ಸಲವೂ ನಿಮಗೆ ಫೋನು ಮಾಡಿ ಅತ್ತೆ. ಪ್ರತಿ ಸಲವೂ ನೀವು ಸಮಾಧಾನ ಮಾಡಿದಿರಿ. ಯಾರೋ ಹತ್ತಿರದವರೇ ಹೇಳುತ್ತಿರಬೇಕು, ಯಾರನ್ನೂ ನಂಬಬೇಡ ಎಂದಿರಿ. ಅಪ್ಪ, ಆ ಮಾತನ್ನು ನೀವು ಯಾವ ಬಾಯಲ್ಲಿ ಹೇಳಿದಿರಿ?

ನಾನು ನಿಮ್ಮ ಮಾತು ಕೇಳಿದೆ. ಯಾರನ್ನೂ ನಂಬಲಿಲ್ಲ. ಫೋನನ್ನು ಅಳಿಸಿ ಮತ್ತೆ ಮೊದಲಿನಿಂದ ಶುರು ಮಾಡಿದೆ, ಸಿಮ್ ಬದಲಿಸಿದೆ, ಮತ್ತೆ ನಿಮಗೆ ಚುಕ್ಕೆ ಕಳಿಸಿದೆ. ಚೀಲದ ಹೊಲಿಗೆ ಬಿಚ್ಚಿ ಏನಾದರೂ ಅಡಗಿಸಿಟ್ಟಿದ್ದಾನೆಯೇ ಎಂದು ನೋಡಿದೆ. ಮಂಗಮ್ಮನವರ ಮಗ ಮನೋಜ್ ಮಹಡಿ ಮೆಟ್ಟಿಲ ಮೇಲೆ ಕೂತು ಫೋನು ನೋಡುತ್ತಿದ್ದರೆ, ನನ್ನ ಸುದ್ದಿ ಕಳಿಸುತ್ತಿರುವವನು ಇವನೇ ಎನಿಸುತ್ತಿತ್ತು. ಒಂದು ದಿನ ಕೇಳಿಯೇಬಿಟ್ಟೆ. ಮಂಗಮ್ಮ ಅಡುಗೆಮನೆಯಿಂದ ಹೊರಗೆ ಬಂದು, ‘ಅವ್ವಾ, ನಮ್ ಮನೇಲಿ ಹೆಣ್ ಮಕ್ಳು ಇದಾರೆ ಕಣವ್ವಾ. ಅಂಥಾ ಕೆಲ್ಸ ನಾವ್ ಮಾಡ್ತೀವಾ?’ ಎಂದು ಕೇಳಿದರು. ಕಣ್ಣಲ್ಲಿ ನೀರಿತ್ತು. ಆ ವಾರವೇ ನಾನು ಮನೆ ಬಿಟ್ಟು ಬನಶಂಕರಿಯ ಪಿ.ಜಿ.ಗೆ ಹೋದೆ. ನನ್ನ ಸೂಟ್‌ಕೇಸನ್ನು ಮೆಟ್ಟಿಲಿಳಿಸಿದವರು ನೀವು. ಮಂಗಮ್ಮ ನಿಮ್ಮನ್ನು ತಡೆದು, ‘ಸ್ವಾಮೇರೇ, ನಾವ್ ಹೇಳಿಲ್ಲ’ ಎಂದಾಗ ಅವರ ಮುಖ ನೋಡದೆ ಆಟೋ ಹತ್ತಿದಿರಿ. ನೀವು ನನ್ನ ಪರವಾಗಿ ಅವರ ಮೇಲೆ ಕೋಪಿಸಿಕೊಂಡಿದ್ದೀರಿ ಎಂದು ನಾನು ಆಗ ತಿಳಿದಿದ್ದೆ.

ಶಾಲಿನಿಯ ವಿಷಯವೂ ಹಾಗೇ ಆಯಿತು. ಒಂದು ಶನಿವಾರ ಅವಳ ಮನೆಯಲ್ಲಿ ಊಟ ಮಾಡಿದ್ದೆ. ಸೋಮವಾರ ಕ್ಲಿನಿಕ್ಕಿನ ಗೇಟಿನ ಬಳಿ ಶ್ರೀಕರ ನನ್ನ ಪಕ್ಕದಲ್ಲೇ ಹಾದು ಹೋಗುತ್ತ, ‘ಒತ್ತುಶ್ಯಾವಿಗೆ ಚೆನ್ನಾಗಿತ್ತಂತೆ’ ಎಂದ. ಆ ಮನೆಯಲ್ಲಿ ನಾವಿಬ್ಬರೇ ಇದ್ದದ್ದು. ನಾನು ಒಳಗೆ ಹೋಗಿ, ಪೇಷೆಂಟುಗಳು ಕೇಳುವಂತೆಯೇ, ಎಷ್ಟು ದಿನದಿಂದ ಅವನ ಹತ್ತಿರ ಮಾತಾಡುತ್ತಿದ್ದೀಯ ಎಂದು ಕೇಳಿದೆ. ಅವಳು ಕೈಯಲ್ಲಿದ್ದ ಟವೆಲನ್ನು ಮಡಿಸಿಟ್ಟು ಹೊರಗೆ ಹೋದಳು. ಭಾನುವಾರ ನಿಮ್ಮ ಜೊತೆ ಫೋನಿನಲ್ಲಿ ಮಾತಾಡುತ್ತ, ಊಟಕ್ಕೆ ಏನಿತ್ತು ಎಂದು ನೀವು ಕೇಳಿದ್ದು, ನಾನು ಹೇಳಿದ್ದು ನನಗೆ ಆಗ ನೆನಪಾಗಲೇ ಇಲ್ಲ. ನೀವು ಲೆಕ್ಕದಲ್ಲಿಯೇ ಇರಲಿಲ್ಲ, ಅಪ್ಪ. ಎಲ್ಲರ ಮೇಲೂ ಅನುಮಾನಪಟ್ಟಾಗ ಕಾಲೂರಿ ನಿಲ್ಲಲು ನನಗಿದ್ದ ನೆಲವೇ ನೀವು.

ಈ ಊರು ಬಿಡಬೇಕೆಂದು ಆಗ ನಿಶ್ಚಯಿಸಿದೆ. ಮೈಸೂರಿನ ಒಂದು ಆಸ್ಪತ್ರೆಯವರು ಸಂದರ್ಶನಕ್ಕೆ ಕರೆದರು. ನಿಮ್ಮನ್ನು ಬಿಟ್ಟು ಯಾರಿಗೂ ಹೇಳಲಿಲ್ಲ. ಪಿ.ಜಿ.ಯಲ್ಲಿ ಮದುವೆಗೆ ಹೋಗುತ್ತಿದ್ದೇನೆ ಎಂದೆ. ನೀವು ಮಾತ್ರ, ಟಿಕೆಟಿನ ಫೋಟೋ ಕಳಿಸಿರು, ಯಾವ ಬೋಗಿ, ಯಾವ ಸೀಟು ಎಂದು ಗೊತ್ತಿದ್ದರೆ ನನಗೆ ಧೈರ್ಯ ಎಂದಿರಿ. ಕಳಿಸಿದೆ. ಈ ಸಲ ಫೋನಿನಿಂದಲೇ ಅವನಿಗೆ ತಿಳಿಯುತ್ತಿದ್ದರೆ ಎಂದು ಹೆದರಿ, ಹಿಂದಿನ ಸಂಜೆಯೇ ಅದನ್ನು ಆಫ್ ಮಾಡಿ ಪಿ.ಜಿ.ಯ ಅಲ್ಮೇರಾದಲ್ಲಿಟ್ಟು ಬೀಗ ಹಾಕಿದೆ.

ರೈಲು ಕೆಂಗೇರಿ ದಾಟಿತ್ತು. ಕಿಟಕಿಯ ಹೊರಗೆ ಬಿಸಿಲು ಏರುತ್ತಿತ್ತು. ನನ್ನ ಎದುರು ಕೂತಿದ್ದ ಅಜ್ಜಿಯ ಹೆಸರು ಶಿವಬಸಮ್ಮ, ಮಂಡ್ಯದಲ್ಲಿರುವ ಮಗಳ ಮನೆಗೆ ಹೊರಟಿದ್ದರು. ಮಂಡಿನೋವು ಎಂದಾಗ ಕಾಲು ನೀಡಿಸಿ ಎರಡು ವ್ಯಾಯಾಮ ಹೇಳಿಕೊಡುತ್ತಿದ್ದೆ. ಬಹಳ ದಿನಗಳ ಮೇಲೆ ನಗುತ್ತಿದ್ದೆ. ಅಷ್ಟರಲ್ಲಿ ಶ್ರೀಕರ ಬೋಗಿಯೊಳಗೆ ನಡೆದು ಬಂದ. ಹುಡುಕಲಿಲ್ಲ, ಸೀಟಿನ ಅಂಕಿಗಳ ಕಡೆ ನೋಡಲಿಲ್ಲ. ನೇರ ಬಂದು ಅಜ್ಜಿಯ ಪಕ್ಕದವರಿಗೆ, ‘ನಮ್ಮ ಮಿಸೆಸ್ಸು ಸಾರ್. ಸೀಟು ಬೇರೆ ಬೇರೆ ಸಿಕ್ಕಿಬಿಡ್ತು’ ಎಂದ. ಅವರು ನಗುತ್ತ ಜಾಗ ಬಿಟ್ಟುಕೊಟ್ಟರು. ಶಿವಬಸಮ್ಮ ನನ್ನ ಕಡೆ ನೋಡಿ, ‘ಒಳ್ಳೇ ಯಜಮಾನ್ರು’ ಎಂದರು.

ಅವನು ಚೀಲದಿಂದ ಒಂದು ಡಬ್ಬಿ ತೆಗೆದು ನನ್ನ ತೊಡೆಯ ಮೇಲಿಟ್ಟ. ‘ಬೆಳಿಗ್ಗೆ ತಿಂಡಿ ತಿಂದಿರಲ್ಲ ಅಂದ್ರು ಮಾವ. ತಿನ್ನು.’

ಸ್ಟೀಲಿನ ಡಬ್ಬಿ. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿಯಾಗಿ ಕೊರೆದ ಅಕ್ಷರ: ಸೀತಾಲಕ್ಷ್ಮಿ. ಅಮ್ಮನ ಮದುವೆಯಲ್ಲಿ ಕೊಟ್ಟ ಪಾತ್ರೆಗಳ ಮೇಲೆಲ್ಲ ಇರುವ ಹೆಸರು. ಶಾಲೆಗೆ ನಾನು ಅದೇ ಡಬ್ಬಿಯಲ್ಲಿ ಊಟ ಒಯ್ಯುತ್ತಿದ್ದೆ. ಒಳಗೆ ಚಿತ್ರಾನ್ನವಿತ್ತು, ನನಗೆ ಬೇಕಾದ ಹಾಗೆ ಕಡಲೆಕಾಯಿ ಬೀಜ ಹೆಚ್ಚು ಹಾಕಿದ್ದು. ಇನ್ನೂ ಬೆಚ್ಚಗಿತ್ತು.

ಆಗ ನನಗೆ ಎಲ್ಲವೂ ಒಟ್ಟಿಗೆ ತಿಳಿಯಿತು. ತರಕಾರಿ ಅಂಗಡಿ, ಮೆಟ್ರೋ ಬಾಗಿಲು, ಒತ್ತುಶ್ಯಾವಿಗೆ. ಅವನ ಭಯವೂ ಹೋಗಿಬಿಟ್ಟಿತು. ಡಬ್ಬಿಯ ಮುಚ್ಚಳ ಹಾಕಿದೆ. ಅವನು ಏನೇನೋ ಹೇಳುತ್ತಿದ್ದ, ಹೊಸದಾಗಿ ಶುರು ಮಾಡೋಣ, ಮಾವನವರಿಗೂ ಅದೇ ಆಸೆ, ಕ್ಯಾಮೆರಾ ತೆಗೆಸಿದ್ದೇನೆ. ರೈಲು ರಾಮನಗರದಲ್ಲಿ ನಿಂತಾಗ ನಾನು ಡಬ್ಬಿಯನ್ನು ಶಿವಬಸಮ್ಮನವರ ಕೈಗಿಟ್ಟೆ. ‘ಅಜ್ಜಿ, ಇವರು ನನ್ನ ಕೈ ಮುರಿದೋರು. ನನ್ ಹಿಂದೆ ಬರದ ಹಾಗೆ ನೋಡ್ಕೊಳ್ಳಿ’ ಎಂದೆ. ಅಷ್ಟೇ ಹೇಳಲು ಸಾಧ್ಯವಾದದ್ದು. ಆ ಅಜ್ಜಿ ನೋಯುವ ಕಾಲನ್ನು ಅಡ್ಡ ಚಾಚಿ ದಾರಿ ಕಟ್ಟಿಬಿಟ್ಟರು. ‘ಕೂತ್ಕೊಳಪ್ಪ’ ಎಂದದ್ದು ನನಗೆ ಕೇಳಿಸಿತು. ಪಕ್ಕದವರೂ ಎದ್ದು ನಿಂತರು. ನಾನು ಇಳಿದೆ, ರೈಲು ಹೊರಟಿತು. ಸಂದರ್ಶನವೂ ರೈಲಿನ ಜೊತೆಗೇ ಹೋಯಿತು.

ಬಸ್ಸು ಹಿಡಿದು ಮನೆಗೆ ಬಂದೆ. ನೀವು ಊಟ ಮುಗಿಸಿ ವರಾಂಡದ ಕುರ್ಚಿಯಲ್ಲಿ ಪೇಪರು ಹಿಡಿದಿದ್ದಿರಿ. ನನ್ನನ್ನು ಕಂಡು ಮೊದಲು ನಿಮ್ಮ ಕಣ್ಣು ಹೋದದ್ದು ನನ್ನ ಬೆನ್ನ ಹಿಂದೆ, ಜೊತೆಗೆ ಅವನು ಬಂದಿದ್ದಾನೆಯೇ ಎಂದು. ಅದಾದ ಮೇಲೆ ನಾನು ಏನೂ ಕೇಳುವ ಅಗತ್ಯವೇ ಇರಲಿಲ್ಲ. ಆದರೂ ಕೇಳಿದೆ. ನೀವು ಸುಳ್ಳು ಹೇಳಲಿಲ್ಲ, ಅದಕ್ಕೆ ಕೃತಜ್ಞಳು. ಅವನು ವಾರ ವಾರ ಬರುತ್ತಾನೆ ಎಂದಿರಿ. ಕಣ್ಣಿನ ಆಪರೇಷನ್ನಿಗೆ ಕರೆದುಕೊಂಡು ಹೋಗಿ ಇಡೀ ದಿನ ಜೊತೆಗಿದ್ದ, ನನ್ನ ಮುಂದೆ ಕೂತು ಅತ್ತ, ಅವಳು ಕ್ಷೇಮವಾಗಿದ್ದಾಳೆ ಎಂದು ಗೊತ್ತಾದರೆ ಸಾಕು ಮಾವ ಎಂದು ಕೈ ಹಿಡಿದುಕೊಂಡ ಎಂದಿರಿ. ನಕ್ಷೆಯ ಚಿತ್ರವನ್ನು ಮೊದಲು ಅಪರೂಪಕ್ಕೆ, ಆಮೇಲೆ ಪ್ರತಿ ಸಂಜೆ ಕಳಿಸತೊಡಗಿದ್ದನ್ನು ನೀವೇ ಫೋನು ತೆರೆದು ತೋರಿಸಿದಿರಿ. ನನ್ನ ಚುಕ್ಕೆ, ಕೆಳಗೆ ನಿಮ್ಮ ಎರಡು ಮಾತು. ಇವತ್ತು ಬೇಗ ಬಂದಳು. ಇವತ್ತು ದೇವಸ್ಥಾನಕ್ಕೆ ಹೋಗಿದ್ದಾಳೆ. ಇವತ್ತು ಸ್ವಲ್ಪ ನೆಗಡಿ.

ಪೊಲೀಸ್ ಠಾಣೆಗೆ ಹೋದ ದಿನವೂ ಒಂದು ಚಿತ್ರವಿತ್ತು. ಚುಕ್ಕೆ ಠಾಣೆಯ ಮೇಲೇ ಇತ್ತು.

ಅಮ್ಮ ಅಡುಗೆಮನೆಯಿಂದ ಕೈ ಒರೆಸಿಕೊಳ್ಳುತ್ತ ಬಂದು, ಇಷ್ಟು ಬೇಗ ಬಂದೆಯಾ, ಡಬ್ಬಿ ಸಿಕ್ಕಿತೇ ಎಂದು ಕೇಳಿದಳು. ಸ್ಟೇಷನ್ನಿಗೆ ನಾನೇ ಹೋಗಿ ಕೊಟ್ಟು ಬರುತ್ತೇನೆ ಎಂದು ನೀವು ಅವಳಿಗೆ ಹೇಳಿ, ಗೇಟಿನ ಹೊರಗೆ ಕಾಯುತ್ತಿದ್ದ ಅವನ ಕೈಗೆ ಕೊಟ್ಟಿದ್ದಿರಿ. ಅವಳಿಗೆ ವಿಷಯ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ಅವಳು ನಿಮ್ಮನ್ನು ಬೈಯಲಿಲ್ಲ. ‘ನನ್ನ ಕೈ ಅಡುಗೆ ಕೊಟ್ಟು ಕಳಿಸಿದ್ರಾ?’ ಎಂದಷ್ಟೇ ಕೇಳಿ ಗೋಡೆಗೆ ಒರಗಿದಳು. ಅವಳ ಆ ಮುಖ ನನ್ನ ಕಣ್ಣಿಂದ ಹೋಗುತ್ತಿಲ್ಲ.

ನಾನು ನಿಮಗೆ ಬೈರಸಂದ್ರದ ಮನೆಯನ್ನು ನೆನಪಿಸಿದೆ. ಪಿಳ್ಳಣ್ಣನವರಿಗೆ ಹಾಗೆ ಹೇಳಿದವರು ನೀವೇ ಅಲ್ಲವೇ ಎಂದೆ. ನಿಮಗೆ ಆಶ್ಚರ್ಯವಾಯಿತು. ಹೋಲಿಕೆಯೇ ಇಲ್ಲದ ಎರಡು ವಿಷಯಗಳನ್ನು ನಾನು ಹೆಣೆಯುತ್ತಿದ್ದೇನೆ ಎಂಬಂತೆ ನೋಡಿದಿರಿ.

‘ಅದು ಬೇರೆಯವರ ಮನೆ ಹೆಣ್ಣುಮಗಳು, ಮೈತ್ರೇಯಿ. ನೀನು ನನ್ನ ಮಗಳು.’

ಅಪ್ಪ, ನೀವು ಕೇಳಿದ ಪ್ರಶ್ನೆಗೆ ಉತ್ತರ ಆ ಒಂದು ಮಾತಿನಲ್ಲಿದೆ. ಮುಖ ಪರಿಚಯವಷ್ಟೇ ಇದ್ದ ಒಬ್ಬ ಸೊಸೆಗಾಗಿ ನೀವು ಮನೆ ಬಿಟ್ಟಿರಿ. ಅವಳ ಮಾತು ಅವಳದು ಎಂದು ನಿಮಗೆ ಗೊತ್ತಿತ್ತು. ನನ್ನ ಮಾತು, ನಾನು ಹೋಗುವ ದಾರಿ, ಕೂತ ರೈಲಿನ ಸೀಟು ನಿಮ್ಮದಾಗಿಬಿಟ್ಟಿತು, ಏಕೆಂದರೆ ನಾನು ನಿಮ್ಮದು. ನಿಮ್ಮದನ್ನು ಯಾರಿಗೆ ಕೊಡಬೇಕೆಂದು ನಿರ್ಧರಿಸುವವರೂ ನೀವೇ. ಶ್ರೀಕರ ನನ್ನಿಂದ ಕಿತ್ತುಕೊಂಡ. ನಿಮಗೆ ನಾನಾಗಿಯೇ ಕೊಟ್ಟೆ. ಅವನ ಮೇಲಿನ ಸಿಟ್ಟು ಕೋರ್ಟಿನಲ್ಲಿ ಮುಗಿದೀತು. ನಿಮ್ಮ ಮೇಲಿನದನ್ನು ಎಲ್ಲಿಗೆ ಒಯ್ಯಲಿ?

ನೀವು ಹಣಕ್ಕಾಗಿ ಮಾಡಲಿಲ್ಲ, ದ್ವೇಷದಿಂದ ಮಾಡಲಿಲ್ಲ. ಮಗಳ ಸಂಸಾರ ಸರಿಹೋಗಲಿ ಎಂದು ಮಾಡಿದಿರಿ. ಅದು ನನಗೆ ಗೊತ್ತು. ಗೊತ್ತಿರುವುದರಿಂದ ನೋವು ಕಡಿಮೆಯಾಗಬೇಕಿತ್ತು, ಆಗಿಲ್ಲ. ಮುರಿದ ನನ್ನ ಕೈಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದವರು, ಅದನ್ನು ಮುರಿದವನ ಕಣ್ಣೀರು ಕಂಡು ನನ್ನ ದಾರಿ ತೋರಿಸಿದಿರಿ. ಇಬ್ಬರಲ್ಲಿ ಯಾರ ನೋವು ನಿಜ ಎಂದು ನಿಮಗನಿಸಿತು?

ಆ ಮಧ್ಯಾಹ್ನ ನಿಮ್ಮ ಮನೆಯಿಂದ ಹೊರಬಿದ್ದು ನೇರ ಕ್ಲಿನಿಕ್ಕಿಗೆ ಹೋದೆ. ಶಾಲಿನಿ ಮುಖ ತಿರುಗಿಸಿಕೊಳ್ಳುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನನ್ನು ಒಳಗಿನ ಮಂಚದ ಮೇಲೆ ಮಲಗಿಸಿ, ಪರದೆ ಎಳೆದು, ಉಳಿದ ಪೇಷೆಂಟುಗಳನ್ನು ನೋಡಿ ಮುಗಿಸಿ ಬಂದಳು. ವಕೀಲರನ್ನು ಹುಡುಕಿದವಳು ಅವಳೇ. ಮಂಗಮ್ಮನವರ ಮನೆಗೂ ಒಂದು ದಿನ ಹೋಗಿ ಬಂದೆ. ಆದದ್ದನ್ನೆಲ್ಲ ಹೇಳಿದೆ. ಅವರು ನಿಮ್ಮ ಬಗ್ಗೆ ಒಂದೇ ಮಾತು ಕೇಳಿದರು, ‘ನನ್ ಎದ್ರುಗೇ ನಿಂತಿದ್ರಲ್ಲವ್ವಾ?’

ಶ್ರೀಕರ ನನ್ನ ಹತ್ತಿರ ಸುಳಿಯಬಾರದು, ಯಾರಿಂದಲೂ ನನ್ನ ಇರವು ತಿಳಿದುಕೊಳ್ಳಬಾರದು ಎಂದು ಮ್ಯಾಜಿಸ್ಟ್ರೇಟರು ಸದ್ಯಕ್ಕೆ ಆದೇಶ ಕೊಟ್ಟಿದ್ದಾರೆ. ಅದನ್ನು ಅವನು ಪ್ರಶ್ನಿಸಿದ್ದಾನೆ. ಈಗ ನಾನು ಬೇರೆ ಊರಿನಲ್ಲಿದ್ದೇನೆ, ಮೈಸೂರಿನಲ್ಲಲ್ಲ. ಕೆಲಸವಿದೆ. ಕೈ ಚಳಿಗೆ ಸ್ವಲ್ಪ ಹಿಡಿದುಕೊಳ್ಳುತ್ತದೆ, ಅಷ್ಟೆ. ನನ್ನ ಕಿಟಕಿಯಿಂದ ಏನು ಕಾಣುತ್ತದೆ ಎಂದು ಎರಡು ಸಾಲು ಬರೆದಿದ್ದೆ. ಓದಿದವರಿಗೆ ಊರು ತಿಳಿದುಬಿಡುತ್ತದೆ ಎನಿಸಿ ಆ ಹಾಳೆಯನ್ನೇ ಹರಿದು ಇದನ್ನು ಮತ್ತೆ ಬರೆದೆ. ಅಮ್ಮನನ್ನು ಕೇಳಬೇಡಿ, ಅವಳಿಗೂ ಗೊತ್ತಿಲ್ಲ. ಹೇಳಿದರೆ ಅವಳು ನಿಮ್ಮಿಂದ ಮುಚ್ಚಿಡಲಾರಳು. ನಿಮ್ಮಿಂದಾಗಿ ನನಗೆ ಅಮ್ಮನೂ ದೂರವಾದಳು, ಇದನ್ನೂ ತಿಳಿದುಕೊಳ್ಳಿ.

ನಿಮ್ಮ ಫೋನಿನಲ್ಲಿ ಚುಕ್ಕೆ ನಿಂತ ಮೇಲೆ ಶ್ರೀಕರ ಮನೆಗೆ ಬರುವುದನ್ನೂ ನಿಲ್ಲಿಸಿದ್ದಾನೆ ಎಂದು ಶಾಲಿನಿಯ ಬಳಿ ಹೇಳಿಕೊಂಡಿರಂತೆ. ಕೇಳಿ ನನಗೆ ಸಂತೋಷವಾಗಲಿಲ್ಲ. ಮಗನಂತಿದ್ದಾನೆ ಎಂದು ನಂಬಿದ್ದಿರಿ. ನಂಬಿದವರು ಕೈಬಿಟ್ಟಾಗ ಹೇಗಿರುತ್ತದೆ ಎಂದು ನಾನು ನಿಮಗೆ ವಿವರಿಸಬೇಕಾಗಿಲ್ಲ ಇನ್ನು. ಆಮೇಲೆ ಬಾಗಿಲ ತನಕ ಹೋದವರು ತಿರುಗಿ, ಅವಳು ಚೆನ್ನಾಗಿದ್ದಾಳಾ ಎಂದು ಕೇಳಿದಿರಂತೆ. ‘ಇದ್ದಾಳೆ ಅಂಕಲ್. ಅಷ್ಟು ಗೊತ್ತಾದ್ರೆ ಸಾಕಲ್ವಾ?’ ಎಂದು ಅವಳು ಅಂದ ಮೇಲೆ ಮೆಟ್ಟಿಲಿಳಿದಿರಂತೆ.

ಮುಂದಿನ ತಿಂಗಳು ವಿಚಾರಣೆ ಇದೆ. ನಾನು ಬರಲೇಬೇಕು. ಅವನ ವಕೀಲರು ನಿಮ್ಮನ್ನು ಅವನ ಕಡೆಯ ಸಾಕ್ಷಿಯಾಗಿ ಹೆಸರಿಸಿದ್ದಾರೆ. ಅಳಿಯ ಒಳ್ಳೆಯವನು, ಮಗಳ ಕ್ಷೇಮಕ್ಕಾಗಿಯೇ ವಿಚಾರಿಸುತ್ತಿದ್ದ ಎಂದು ನೀವು ಹೇಳುತ್ತೀರಿ ಎಂದು ಅವರು ನಂಬಿದ್ದಾರೆ. ನೀವು ಏನು ಹೇಳುತ್ತೀರೋ ನನಗೆ ಗೊತ್ತಿಲ್ಲ. ಕೇಳಿ ತಿಳಿದುಕೊಳ್ಳೋಣ ಎಂದು ನಮ್ಮ ವಕೀಲರು ಅಂದರು, ನಾನು ಬೇಡ ಎಂದೆ. ನನ್ನ ಪ್ಲಾಸ್ಟರ್ ನೀವು ಕಂಡಿದ್ದೀರಿ. ಕಂಡದ್ದನ್ನು ಹೇಳುವುದು, ಬಿಡುವುದು ನಿಮಗೆ ಸೇರಿದ್ದು.

ಒಂದೇ ಒಂದನ್ನು ಕೇಳಿಕೊಳ್ಳುತ್ತೇನೆ. ಆ ದಿನ ನಿಮಗೆ ನಾನು ಕಾಣುತ್ತೇನೆ. ಸೊರಗಿದ್ದಾಳೆ ಎನಿಸಬಹುದು, ಹತ್ತಿರ ಬಂದು ಮಾತಾಡಿಸಬೇಕು ಎನಿಸಬಹುದು. ಮಾತಾಡಿಸಿ, ನಾನು ಮುಖ ತಿರುಗಿಸುವುದಿಲ್ಲ. ಆದರೆ ಎಲ್ಲ ಮುಗಿದು ನಾನು ಎದ್ದು ಹೊರಟಾಗ ನೀವು ಬೆಂಚಿನ ಮೇಲೇ ಕೂತಿರಿ. ಸ್ವಲ್ಪ ಹೊತ್ತು ಕಣ್ಣನ್ನು ಬೇರೆ ಕಡೆ ಇಟ್ಟಿರಿ. ನಾನು ಯಾವ ಗೇಟಿನಿಂದ ಹೋದೆ, ಯಾವ ಕಡೆಗೆ ತಿರುಗಿದೆ ಎಂದು ನೋಡಬೇಡಿ, ಅಪ್ಪ. ನೋಡಲಿಲ್ಲ ಎಂದು ನನಗೆ ನಂಬಿಕೆಯಾದರೆ, ಇನ್ನೊಂದು ಕಾಗದ ಬರೆಯಲು ಪ್ರಯತ್ನಿಸುತ್ತೇನೆ.

ದೇವರು ನಿಮ್ಮನ್ನೂ ಅಮ್ಮನನ್ನೂ ಆರೋಗ್ಯವಾಗಿಟ್ಟಿರಲಿ. ಅವಳು ಅಳುತ್ತಿದ್ದರೆ ಸಮಾಧಾನ ಹೇಳಲು ಹೋಗಬೇಡಿ, ಸುಮ್ಮನೆ ಪಕ್ಕದಲ್ಲಿರಿ.

ಇಂತಿ,
ನಿಮ್ಮ ಮಗಳೇ ಆದರೂ ನಿಮ್ಮ ಸ್ವತ್ತಲ್ಲದ
ಮೈತ್ರೇಯಿ